ಮೋಹಕ ಬಲೆ ಹೇಳುವ ತಾರೀಖು



ಸಾಸಲು ಹೋಬಳಿಯ ಮೆಕ್ಕೆಜೋಳದ ಹೊಲಗಳಲ್ಲಿ ಗೂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಆಲಿಕೆ, ಅದರ ಕೆಳಗೆ ಜೋತಾಡುವ ಉದ್ದನೆಯ ಪಾಲಿಥಿನ್ ಚೀಲ. ಇದನ್ನು ಈಗ ನೀವೆಲ್ಲ ಕಂಡೇ ಇರುತ್ತೀರಿ. ಕೃಷಿ ಇಲಾಖೆಯ ಕರಪತ್ರದಲ್ಲಿ ಅದನ್ನು ಮೋಹಕ ಬಲೆ ಅಥವಾ ಲಿಂಗಾಕರ್ಷಕ ಬಲೆ ಅನ್ನುತ್ತಾರೆ. ಹೊಲದಲ್ಲಿ ಅದು ಬರಿಯ ಟ್ರ್ಯಾಪು, ಒಳಗಿಡುವ ರಬ್ಬರ್ ಬಿಲ್ಲೆ ಲೂರು. ಕಟ್ಟಿದವರಲ್ಲಿ ಹೆಚ್ಚಿನವರು ಅದರಿಂದ ಬಯಸುವುದು ಒಂದೇ, ಹುಳು ಸಾಯಬೇಕು. ಹದಿನೈದು ದಿನ ಕಳೆದು ಸುಳಿಯಲ್ಲಿ ಹುಳು ಕಂಡಾಗ ‘ಟ್ರ್ಯಾಪು ಕೆಲಸಕ್ಕೆ ಬರಲಿಲ್ಲ’ ಅಂತ ಔಷಧಿ ಅಂಗಡಿಗೆ ಹೊರಡುತ್ತಾರೆ. ಈ ಬೇಸರ ನನಗೆ ಅರ್ಥವಾಗುತ್ತದೆ. ಬಲೆ ಕೊಟ್ಟವರು ಕೊಟ್ಟು ಹೋದರೇ ಹೊರತು, ಅದನ್ನು ಓದುವುದು ಹೇಗೆಂದು ಕೂತು ಹೇಳಿದವರು ಕಡಿಮೆ. ನಾನು ಇವತ್ತು ಹೇಳಬೇಕೆಂದಿರುವುದು ಅದನ್ನೇ. ಮೆಕ್ಕೆಜೋಳಕ್ಕೆ ಕಟ್ಟುವ ಬಲೆಯ ಮುಖ್ಯ ಕೆಲಸ ತಾರೀಖು ಹೇಳುವುದು. ಆ ತಾರೀಖನ್ನು ಊರೆಲ್ಲ ಕೂಡಿ ಓದಿದರೆ ಅದರ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ.

ವಾಸನೆಯಿಂದ ಹುಳವನ್ನು ಬಲೆಗೆ ಸೆಳೆಯುವ ಈ ವಿದ್ಯೆ ಹುಟ್ಟಿದ್ದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಒಂದು ಹುಳದಿಂದ. ದೊಡ್ಡಬಳ್ಳಾಪುರದಿಂದ ವಿಜಯಪುರ, ಶಿಡ್ಲಘಟ್ಟದವರೆಗೆ ರೇಷ್ಮೆ ಹುಳು ಸಾಕಿದವರು, ಇಲ್ಲವೇ ಸಾಕುವವರ ನೆಂಟರು ಪ್ರತಿ ಊರಲ್ಲೂ ಇದ್ದಾರೆ. ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವರು ಈ ನೋಟ ಕಂಡಿರುತ್ತಾರೆ: ಗೂಡು ಸೀಳಿ ಹೊರಬಂದ ಹೆಣ್ಣು ಚಿಟ್ಟೆ ಕೂತಲ್ಲಿಂದ ಅಲುಗುವುದಿಲ್ಲ. ಹೊಟ್ಟೆಯ ತುದಿಯನ್ನು ಮಾತ್ರ ಹೊರಕ್ಕೆ ಚಾಚುತ್ತದೆ. ಅಲ್ಲಿ ಹಳದಿ ಬಣ್ಣದ ಎರಡು ಪುಟ್ಟ ಗ್ರಂಥಿ ಉಬ್ಬಿ ಕಾಣುತ್ತವೆ. ಸ್ವಲ್ಪ ದೂರದಲ್ಲಿದ್ದ ಗಂಡು, ಅಷ್ಟು ಹೊತ್ತು ಸುಮ್ಮನಿದ್ದದ್ದು, ರೆಕ್ಕೆ ಪಟಪಟಿಸುತ್ತ ಹಾರಲಾರದೆ ನಡೆಯುತ್ತಲೇ ಬಂದು ಸೇರುತ್ತದೆ. ಕಣ್ಣಿಂದ ನೋಡಿ ಬಂದದ್ದಲ್ಲ, ಮೀಸೆಯಿಂದ ವಾಸನೆ ಹಿಡಿದು ಬಂದದ್ದು.

ಆ ವಾಸನೆ ಯಾವ ವಸ್ತು ಎಂದು ತಿಳಿಯಲು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಸುಮಾರು ಇಪ್ಪತ್ತು ವರ್ಷ ದುಡಿದರು. ಮನುಷ್ಯರ ಲೈಂಗಿಕ ಹಾರ್ಮೋನುಗಳ ಕೆಲಸಕ್ಕೆ 1939ರಲ್ಲೇ ನೊಬೆಲ್ ಗೆದ್ದಿದ್ದವರು ಅವರು. ಅವರ ತಂಡ ಐದು ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳ ಗ್ರಂಥಿಗಳನ್ನು ಕತ್ತರಿಸಿ, ಸಾರ ತೆಗೆದು, ಶುದ್ಧ ಮಾಡಿ ಕೊನೆಗೆ ಕೈಗೆ ಪಡೆದದ್ದು ಕೆಲವೇ ಮಿಲಿಗ್ರಾಂ. 1959ರಲ್ಲಿ ಅದರ ರಚನೆ ಪ್ರಕಟವಾಯಿತು. ರೇಷ್ಮೆ ಹುಳದ ಶಾಸ್ತ್ರೀಯ ಹೆಸರು ಬಾಂಬಿಕ್ಸ್ ಆದ್ದರಿಂದ ವಸ್ತುವಿಗೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಒಂದು ಜೀವಿ ಹೊರಸೂಸಿ, ಅದೇ ಜಾತಿಯ ಇನ್ನೊಂದು ಜೀವಿಯ ನಡವಳಿಕೆ ಬದಲಿಸುವ ಇಂಥ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ಜಗತ್ತಿನಲ್ಲಿ ಗುರುತು ಸಿಕ್ಕ ಮೊದಲ ಕೀಟ ಫೆರೊಮೋನು ನಮ್ಮ ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳದ್ದು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಸೀಮೆಯ ಬಗ್ಗೆ ಹೆಮ್ಮೆಯಾಗುತ್ತದೆ.

ಇನ್ನು ನಮ್ಮ ಬೆಳೆಗಳನ್ನು ತಿನ್ನುವ ಪತಂಗಗಳ ವಿಷಯಕ್ಕೆ ಬರೋಣ. ಇಲ್ಲಿಯೂ ಆಟ ಅದೇ. ರಾತ್ರಿ ಹೆಣ್ಣು ಎಲೆಯ ಮೇಲೆ ಕೂತು ವಾಸನೆ ಬಿಡುತ್ತದೆ. ಗ್ರಾಂನ ಕೋಟಿಯಲ್ಲೊಂದು ಪಾಲಿನಷ್ಟೂ ಇರದ ಆ ವಾಸನೆ ಗಾಳಿಯಲ್ಲಿ ಎಳೆ ಎಳೆಯಾಗಿ ಹರಿಯುತ್ತದೆ. ಗಂಡು ಗಾಳಿಗೆ ಎದುರಾಗಿ ಹಾರುತ್ತದೆ. ಎಳೆ ತಪ್ಪಿದಾಗ ಎಡಕ್ಕೆ ಬಲಕ್ಕೆ ಹೊಯ್ದಾಡಿ ಮತ್ತೆ ಹಿಡಿಯುತ್ತದೆ. ಎಷ್ಟೋ ಜಾತಿಯ ಪತಂಗಗಳು ಒಂದೇ ಹೊಲದಲ್ಲಿ ಒಂದೇ ರಾತ್ರಿ ಹಾರಾಡಿದರೂ ಗೊಂದಲವಿಲ್ಲ. ಯಾಕೆಂದರೆ ಒಂದೊಂದರ ವಾಸನೆಯ ಪಾಕವೂ ಬೇರೆ. ತೊಗರಿ, ಕಡಲೆ, ಟೊಮೇಟೊ ಕೊರೆಯುವ ಹೆಲಿಕೋವರ್ಪ ಹುಳುವಿನಲ್ಲಿ ಎರಡು ವಸ್ತುಗಳು ಹೆಚ್ಚುಕಡಿಮೆ 97ಕ್ಕೆ 3ರ ಪ್ರಮಾಣದಲ್ಲಿ ಬೆರೆತಿರುತ್ತವೆ. ಆ ಮೂರು ಪಾಲು ಇಲ್ಲದಿದ್ದರೆ ಗಂಡು ಅತ್ತ ಸುಳಿಯುವುದು ತೀರಾ ಕಡಿಮೆ. ಮೆಕ್ಕೆಜೋಳದ ಸೈನಿಕ ಹುಳುವಿನ ಪಾಕದಲ್ಲಿ ಚೂರೇ ಚೂರು ಇರುವ ಒಂದು ವಸ್ತುವಿದೆ. ಏಷ್ಯಾದ ಹೆಣ್ಣಾನೆ ಬೆದೆಗೆ ಬಂದಾಗ ಮೂತ್ರದಲ್ಲಿ ಬಿಡುವುದೂ ಅದೇ ವಸ್ತುವನ್ನು ಎಂದು 1996ರಲ್ಲಿ ತಿಳಿದುಬಂತು. ಆನೆಗೂ ಪತಂಗಕ್ಕೂ ಒಂದೇ ಅಕ್ಷರ ಸಿಕ್ಕಿದೆ, ಆದರೆ ಮಿಕ್ಕ ಅಕ್ಷರಗಳು ಬೇರೆಯಾದ್ದರಿಂದ ಇಬ್ಬರ ಮಾತೂ ಬೇರೆ.

ಸೈನಿಕ ಹುಳುವಿನ ಹೆಸರೆತ್ತಿದೆ. ಅದರ ಬಗ್ಗೆಯೇ ಸ್ವಲ್ಪ ನಿಂತು ಮಾತಾಡುತ್ತೇನೆ, ಯಾಕೆಂದರೆ ನಿಮ್ಮ ಮೆಕ್ಕೆಜೋಳಕ್ಕೆ ಈಗ ಅದರಷ್ಟು ದೊಡ್ಡ ವೈರಿ ಇಲ್ಲ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಅದೇ ವರ್ಷದ ಜುಲೈನಲ್ಲಿ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ನಿಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೋಡಿದಾಗ, ಮೆಕ್ಕೆಜೋಳದ ಹೊಲದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಗಿಡಗಳಲ್ಲಿ ಹುಳುವಿತ್ತು. ಸಾಸಲಿನ ಬೆಟ್ಟಗುಡ್ಡಗಳು ಇದಕ್ಕೆ ಅಡ್ಡವೇ ಅಲ್ಲ. ಗಾಳಿ ಅನುಕೂಲವಾದರೆ ಈ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು.

ಈಗ ಬಲೆಯ ಲೆಕ್ಕ ಕೇಳಿ. ಲೂರಿನಲ್ಲಿರುವುದು ಹೆಣ್ಣಿನ ವಾಸನೆಯ ನಕಲು, ಅದನ್ನು ಹಿಡಿದು ಬರುವುದು ಗಂಡು. ಬಲೆಗೆ ಗಂಡು ಬೀಳತೊಡಗಿತು ಅಂದರೆ ಹೆಣ್ಣೂ ಹೊಲಕ್ಕೆ ಬಂದಿದೆ ಎಂದರ್ಥ. ಹೆಣ್ಣು ಹೊರಬಂದ ಮೂರು ನಾಲ್ಕು ದಿನಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತದೆ. ಒಂದೊಂದು ಗುಂಪಿಗೆ ನೂರು ಇನ್ನೂರು ಮೊಟ್ಟೆ, ಮೇಲೆ ಬೂದು ಬಣ್ಣದ ರೋಮದ ಹೊದಿಕೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ ಒಡೆಯುತ್ತದೆ. ಮೊದಲ ಎರಡು ಹಂತದ ಮರಿಗಳು ಎಲೆಯ ಮೇಲೇ ಇದ್ದು ಹಸಿರನ್ನು ಕೆರೆದು ತಿನ್ನುತ್ತವೆ. ಎಲೆಯಲ್ಲಿ ಬಿಳಿ ಮಚ್ಚೆ, ಸಣ್ಣ ಗೀರು ಕಾಣುವುದು ಆಗಲೇ. ಮೂರನೆಯ ಹಂತಕ್ಕೆ ಬಂದ ಹುಳು ಸುಳಿಯೊಳಗೆ ಇಳಿಯುತ್ತದೆ, ತನ್ನ ಹಿಕ್ಕೆಯಿಂದಲೇ ಮೇಲಿನ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಎಂಥ ದುಬಾರಿ ಔಷಧಿ ಹೊಡೆದರೂ ಹನಿ ಅದರ ಮೈಗೆ ತಾಗುವುದು ಕಷ್ಟ.

ಹಾಗಾದರೆ ನಿಮ್ಮ ಕೈಯಲ್ಲಿರುವ ಸಮಯ ಎಷ್ಟು? ಬಲೆಯಲ್ಲಿ ಪತಂಗ ಹೆಚ್ಚತೊಡಗಿದ ರಾತ್ರಿಯಿಂದ ಸುಮಾರು ಒಂದು ವಾರ, ಹತ್ತು ದಿನ. ಅಷ್ಟರೊಳಗೆ ನೀವು ಹೊಲದಲ್ಲಿ ಇರಬೇಕು. ಹೊಲದ ಐದು ಕಡೆ ನಿಂತು ಒಂದೊಂದು ಕಡೆ ಇಪ್ಪತ್ತು ಗಿಡ ನೋಡಿ, ಒಟ್ಟು ನೂರಾಗುತ್ತದೆ. ಮೊಟ್ಟೆ ಗುಂಪು ಸಿಕ್ಕರೆ ಅಲ್ಲೇ ಬೆರಳಲ್ಲಿ ಹೊಸಕಿ ಹಾಕಿ. ನೂರರಲ್ಲಿ ಐದು ಗಿಡಕ್ಕೆ ಮರಿಹುಳುವಿನ ಗಾಯ ಕಂಡರೆ ಬೇವಿನ ಬೀಜದ ಶೇಕಡಾ 5ರ ಕಷಾಯವನ್ನೋ, 1500 ಪಿಪಿಎಂ ಬೇವಿನ ಔಷಧಿಯನ್ನು ಲೀಟರಿಗೆ 5 ಮಿಲಿಯಂತೆಯೋ ಸುಳಿಗೆ ಬೀಳುವಂತೆ ಸಿಂಪಡಿಸಿ. ಬೆಳೆಯ ಮೊದಲ ತಿಂಗಳಲ್ಲಿ ಮರಳು ಒಂಬತ್ತು ಪಾಲು, ಸುಣ್ಣ ಒಂದು ಪಾಲು ಬೆರೆಸಿ ಸುಳಿಗೆ ಉದುರಿಸುವುದೂ ಶಿಫಾರಸಿನಲ್ಲಿದೆ. ಇದೇ ಕೆಲಸವನ್ನು ಎರಡು ವಾರ ತಡವಾಗಿ ಮಾಡಿದರೆ ಖರ್ಚು ಮಾತ್ರ ಉಳಿಯುತ್ತದೆ. ಔಷಧಿ ಸುಳ್ಳಾದದ್ದಲ್ಲ, ತಾರೀಖು ತಪ್ಪಿದ್ದು. ನಮ್ಮ ಹಳ್ಳಿಗಳಲ್ಲಿ ಸುರಿದ ಕೀಟನಾಶಕದಲ್ಲಿ ಎಷ್ಟೊಂದು ಪಾಲು ಹೀಗೆ ತಾರೀಖು ತಪ್ಪಿ ಮಣ್ಣಿಗೆ ಬಿದ್ದಿದೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಬಲೆ ಕಟ್ಟುವ ಕ್ರಮ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಮೆಕ್ಕೆಜೋಳಕ್ಕೆ ಹುಳು ಬಂದದ್ದು ತಿಳಿಯಲು ಎಕರೆಗೆ ಐದು ಬಲೆ. ಬಿತ್ತಿದ ದಿನವೇ ಗೂಟ ನೆಟ್ಟು, ಮೊಳಕೆ ಮೇಲೆ ಕಾಣುವಷ್ಟರಲ್ಲಿ ಲೂರು ಹಾಕಿರಬೇಕು. ಆಲಿಕೆಯ ಬಾಯಿ ಬೆಳೆಯ ನೆತ್ತಿಗಿಂತ ಒಂದಡಿ ಮೇಲಿರಲಿ, ಬೆಳೆ ಏರಿದಂತೆ ಬಲೆಯೂ ಏರಲಿ. ಜೋಳದ ಎಲೆಗಳ ನಡುವೆ ಹುದುಗಿಹೋದ ಬಲೆಯಿಂದ ವಾಸನೆ ಹೊರಗೆ ಹರಿಯುವುದಿಲ್ಲ. ಬೀಡಿ, ಹೊಗೆಸೊಪ್ಪು, ಔಷಧಿ ಮುಟ್ಟಿದ ಕೈಯಲ್ಲಿ ಲೂರು ಮುಟ್ಟಬೇಡಿ. ಪೊಟ್ಟಣದಿಂದ ನೇರವಾಗಿ ಬಲೆಗೆ ಸಿಕ್ಕಿಸಿ. ಒಂದು ಬಲೆಗೆ ಒಂದೇ ಜಾತಿಯ ಲೂರು. ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ಅದರ ವಾಸನೆ ತೀರುತ್ತದೆ. ನಮ್ಮ ಕಣ್ಣಿಗೆ ರಬ್ಬರು ಹಾಗೇ ಇದ್ದರೂ ಪತಂಗದ ಪಾಲಿಗೆ ಅಲ್ಲಿ ಏನೂ ಇಲ್ಲ. ಎಷ್ಟೋ ಹೊಲಗಳಲ್ಲಿ ನಾನು ಕಂಡದ್ದು ಇಂಥ ಸತ್ತ ಬಲೆಗಳನ್ನೇ: ಕಟ್ಟಿದ್ದು ಬಿತ್ತನೆಯಲ್ಲಿ, ಬಿಚ್ಚಿದ್ದು ಕಟಾವಿನಲ್ಲಿ, ಲೂರು ಒಂದೇ. ಬದಲಿಸುವ ತಾರೀಖನ್ನು ಬಲೆಯ ಮೇಲೇ ಪೇಂಟಿನಲ್ಲಿ ಬರೆದುಬಿಡಿ. ತೆಗೆದ ಹಳೆಯ ಲೂರನ್ನು ಹೊಲದಲ್ಲಿ ಎಸೆಯಬೇಡಿ, ಮನೆಗೆ ತಂದು ಹೂಳಿ. ಅದರಲ್ಲಿ ಉಳಿದ ವಾಸನೆ ಗಂಡುಗಳನ್ನು ಬಲೆಯ ದಾರಿ ತಪ್ಪಿಸಬಹುದು.

ಇನ್ನೊಂದು ಎಚ್ಚರಿಕೆ. ಚೀಲಕ್ಕೆ ಬಿದ್ದ ಕಂದು ಪತಂಗವೆಲ್ಲ ಸೈನಿಕ ಹುಳುವಿನದೇ ಆಗಿರಬೇಕಿಲ್ಲ, ಅದರ ದಾಯಾದಿಗಳೂ ಕೆಲವು ಸಲ ಬೀಳುತ್ತವೆ. ಗಂಡು ಸೈನಿಕ ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿ ಎದ್ದು ಕಾಣುವ ಬಿಳಿ ಮಚ್ಚೆ ಇರುತ್ತದೆ, ನಡುವೆ ಓರೆಯಾದ ತಿಳಿ ಕಂದು ಗುರುತು. ಒಮ್ಮೆ ಸರಿಯಾಗಿ ಕಂಡವರು ಮತ್ತೆ ಮರೆಯುವುದಿಲ್ಲ.

ಅಂಗಡಿಯಲ್ಲಿ ‘ಟೊಮೇಟೊ ಲೂರು ಕೊಡಿ’ ಎಂದು ಕೇಳುವುದನ್ನು ಕೇಳಿದ್ದೇನೆ. ಲೂರು ಬೆಳೆಯದ್ದಲ್ಲ, ಹುಳುವಿನದು. ಟೊಮೇಟೊಗೆ ಹಣ್ಣು ಕೊರೆಯುವ ಹೆಲಿಕೋವರ್ಪ ಒಂದು ಶತ್ರು; ಎಲೆಯೊಳಗೆ ಸುರಂಗ ತೋಡಿ ಕಾಯಿಗೆ ಸೂಜಿಮೊನೆಯ ತೂತು ಮಾಡುವ ಟೂಟ ಇನ್ನೊಂದು. ದಕ್ಷಿಣ ಅಮೆರಿಕದ ಈ ಟೂಟ ನಮ್ಮ ದೇಶದಲ್ಲಿ ಕಾಣಿಸಿಕೊಂಡದ್ದು 2014ರಲ್ಲಿ. ಎರಡಕ್ಕೂ ಲೂರು ಬೇರೆ, ಬಲೆಯೂ ಬೇರೆ. ಟೂಟಕ್ಕೆ ನೀರಿನ ತಟ್ಟೆಯ ಬಲೆಯನ್ನೋ ಅಂಟಿನ ಬಲೆಯನ್ನೋ ಗಿಡದ ಎತ್ತರದಲ್ಲೇ ತಗ್ಗಾಗಿ ಇಡಬೇಕು. ಆದರೆ ಹೆಲಿಕೋವರ್ಪದ ಲೂರು ಟೊಮೇಟೊಗೂ ತೊಗರಿಗೂ ಕಡಲೆಗೂ ಅದೇ ನಡೆಯುತ್ತದೆ. ಬದನೆಯಲ್ಲಿ ಕುಡಿ ಮತ್ತು ಕಾಯಿ ಕೊರಕಕ್ಕೆ ಮತ್ತೊಂದು. ಬದನೆ ಹುಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕುಡಿಯೊಳಗೆ ಸೇರಿಬಿಡುತ್ತದೆ. ಬಾಡಿದ ಕುಡಿಗಳನ್ನು ವಾರವಾರ ಕತ್ತರಿಸಿ ಸುಡುವುದೂ ನೀರಿನ ಬಲೆ ಇಡುವುದೂ ಜೊತೆಯಾಗಿ ನಡೆಯಬೇಕು. ರಸ ಹೀರುವ ಜಿಗಿಹುಳು, ಬಿಳಿನೊಣ, ನುಸಿಗಳಿಗೆ ಈ ಬಲೆ ಅಲ್ಲವೇ ಅಲ್ಲ. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ ಬೇಕು.

ಅವರೆಯ ಮಾತು ಹೇಳದೆ ಮುಂದೆ ಹೋದರೆ ಈ ಸೀಮೆಯ ಜನ ನನ್ನನ್ನು ಕ್ಷಮಿಸುವುದಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಲ್ಲಿ ಹಾಕಿದ ಅವರೆ, ಮಂಜು ಬೀಳುವ ಹೊತ್ತಿಗೆ ಸೊಗಡು ತುಂಬಿ ನಿಲ್ಲುತ್ತದೆ. ಅದೇ ಹೊತ್ತಿಗೆ ಕಾಯಿಕೊರಕವೂ ಬರುತ್ತದೆ. ಇಲ್ಲಿ ಎರಡು ಬೇರೆ ಹುಳುಗಳಿವೆ, ಹೆಲಿಕೋವರ್ಪ ಒಂದು, ಅವರೆಯನ್ನೇ ಹೆಚ್ಚಾಗಿ ನೆಚ್ಚಿದ ಅಡಿಸೂರ ಇನ್ನೊಂದು. ಹೆಲಿಕೋವರ್ಪದ ಬಲೆ ಖಾಲಿ ಇದೆ ಎಂದು ನೆಮ್ಮದಿಯಾಗಿ ಕೂರಬೇಡಿ, ಕಾಯಿಯಲ್ಲಿ ಇರುವುದು ಅಡಿಸೂರ ಆಗಿರಬಹುದು. ಬಲೆ ನೋಡುವುದರ ಜೊತೆಗೆ ಹೂಗೊಂಚಲನ್ನು ಬಿಡಿಸಿ ನೋಡುವುದು ಅವರೆಯಲ್ಲಿ ತಪ್ಪಬಾರದು. ಅವರೆಕಾಯಿ ಇವತ್ತು ಕಿತ್ತರೆ ನಾಳೆ ಯಾರದೋ ಮನೆಯ ಹುಳಿಯಲ್ಲಿ, ನಾಡಿದ್ದು ಮಕ್ಕಳ ಹಿತಕವರೆ ಸಾರಿನಲ್ಲಿ ಇರುತ್ತದೆ. ಕೊಯ್ಲಿನ ಹೊಸ್ತಿಲಲ್ಲಿ ಹೊಡೆಯುವ ಒಂದು ಸಿಂಪರಣೆಯನ್ನು ತಪ್ಪಿಸಲು ಸಾಧ್ಯವಾದರೂ ಈ ಬಲೆಗೆ ಕೊಟ್ಟ ದುಡ್ಡು ಸಾರ್ಥಕ ಎಂದು ನಾನು ಭಾವಿಸುತ್ತೇನೆ.

ಕೊಲ್ಲುವ ಕೆಲಸವನ್ನೂ ಚೆನ್ನಾಗಿ ಮಾಡುವ ಬಲೆ ಒಂದಿದೆ, ಅದು ಮಾವಿನ ಹಣ್ಣುನೊಣದ್ದು. ಇದರ ಮೂಲವೂ ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಹೌಲೆಟ್ ಎಂಬುವರು, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣುನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಆಮೇಲೆ ಅವರೇ ಬೆನ್ನುಹತ್ತಿ, ಆ ಸೆಳೆತ ಮೀಥೈಲ್ ಯೂಜೆನಾಲ್ ಎಂಬ ವಸ್ತುವಿನದು ಎಂದು ಕಂಡುಕೊಂಡರು. ನಮ್ಮ ತುಳಸಿ ಎಲೆಯಲ್ಲೂ ಇರುವ ವಸ್ತು ಅದು. ಇದು ಹೆಣ್ಣುನೊಣ ಬಿಡುವ ವಾಸನೆಯಲ್ಲ, ಗಿಡದ್ದು. ಆದರೂ ಗಂಡು ನೊಣ ಅದನ್ನು ಹುಡುಕಿಕೊಂಡು ಬಂದು ನೆಕ್ಕುತ್ತದೆ. ಪ್ಲೈವುಡ್ ತುಂಡನ್ನು ಸ್ಪಿರಿಟ್ಟು, ಮೀಥೈಲ್ ಯೂಜೆನಾಲ್, ಸ್ವಲ್ಪ ಕೀಟನಾಶಕ ಬೆರೆತ ದ್ರವದಲ್ಲಿ ನೆನೆಸಿ ಡಬ್ಬಿಯೊಳಗೆ ನೇತುಹಾಕುವ ಬಲೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಮೂಲಕ ನಮ್ಮ ಮಾವಿನ ತೋಟಗಳಿಗೆ ಬಂತು. ಕೊಯ್ಲಿಗೆ ಒಂದೂವರೆ ತಿಂಗಳು ಮೊದಲೇ ಅದು ಮರದಲ್ಲಿರಬೇಕು. ಹಣ್ಣಿಗೆ ನೊಣ ಚುಚ್ಚಿದ ಮೇಲೆ ಕಟ್ಟಿ ಪ್ರಯೋಜನವಿಲ್ಲ, ಉದುರಿದ ಹಣ್ಣನ್ನು ಆಯ್ದು ಹೂಳುವುದನ್ನೂ ಬಿಡುವಂತಿಲ್ಲ. ಹೀರೆ, ಹಾಗಲ, ಸೋರೆಯ ನೊಣಕ್ಕೆ ಕ್ಯೂ ಲೂರ್ ಎಂಬ ಬೇರೆ ಸೆಳೆತವಿದೆ.

1960ರ ದಶಕದ ಮೊದಲಲ್ಲಿ ಪೆಸಿಫಿಕ್ ಸಾಗರದ ರೋಟಾ ಎಂಬ ಪುಟ್ಟ ದ್ವೀಪದಲ್ಲಿ ಮೀಥೈಲ್ ಯೂಜೆನಾಲನ್ನೂ ಕೀಟನಾಶಕವನ್ನೂ ಹೀರಿಸಿದ ತುಂಡುಗಳನ್ನು ದ್ವೀಪದುದ್ದಕ್ಕೂ ಬೀಳಿಸಿ ಹಣ್ಣುನೊಣದ ಸಂತತಿಯನ್ನೇ ಇಲ್ಲವಾಗಿಸಿದರು. ಅಲ್ಲಿ ಸುತ್ತ ಸಮುದ್ರ. ನಮ್ಮಲ್ಲಿ ನಿಮ್ಮ ಒಂದೆಕರೆಯ ಸುತ್ತ ಇರುವುದು ಬದು, ಬದುವಿನಾಚೆ ನಿಮ್ಮ ಚಿಕ್ಕಪ್ಪನ ಹೊಲ. ಹತ್ತರಲ್ಲಿ ಒಂಬತ್ತು ಗಂಡು ನಿಮ್ಮ ಬಲೆಗೆ ಬಿದ್ದರೂ ಉಳಿದ ಒಂದು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಅದೂ ಸಾಲದೆ, ಚಿಕ್ಕಪ್ಪನ ಹೊಲದಲ್ಲಿ ಕೂಡಿ ಬಂದ ಹೆಣ್ಣು ನಿಮ್ಮ ಹೊಲದಲ್ಲಿ ಮೊಟ್ಟೆ ಇಡುತ್ತದೆ. ಒಬ್ಬರೇ ಒಂದೆಕರೆಗೆ ಹದಿನೈದು ಬಲೆ ಕಟ್ಟಿ ಪತಂಗಗಳನ್ನೆಲ್ಲ ಹಿಡಿದುಬಿಡುತ್ತೇನೆಂದು ಹೊರಟವರಿಗೆ ಆಗುವ ನಿರಾಶೆಗೆ ಕಾರಣ ಇದೇ.

ಹಿಡಿಯುವ ಬದಲು ದಾರಿ ತಪ್ಪಿಸುವ ಇನ್ನೊಂದು ಉಪಾಯ ಹತ್ತಿಯಲ್ಲಿ ಬಳಕೆಗೆ ಬಂದಿದೆ. ಘಾಟಿ ಜಾತ್ರೆಯಲ್ಲಿ ಕೈತಪ್ಪಿದ ಮಗುವಿಗೆ ನಾಲ್ಕೂ ದಿಕ್ಕಿನಿಂದ ತಾಯಿಯ ದನಿಯೇ ಕೇಳಿಸಿದರೆ ಅದು ಯಾವ ಕಡೆ ಓಡೀತು? ಗುಲಾಬಿ ಕಾಯಿಕೊರಕದ ಹೆಣ್ಣಿನ ವಾಸನೆಯನ್ನು ಹೊಲದ ತುಂಬ ಹರಡಿಬಿಟ್ಟರೆ ಗಂಡಿಗೂ ಅದೇ ಗತಿ. ಹೆಣ್ಣು ಸಿಗದೆ ಕೂಡುವಿಕೆ ತಪ್ಪುತ್ತದೆ, ಇಟ್ಟ ಮೊಟ್ಟೆಯಲ್ಲಿ ಮರಿ ಒಡೆಯುವುದಿಲ್ಲ. ಅಮೆರಿಕದಲ್ಲಿ 1978ರಲ್ಲೇ ಇದಕ್ಕೆ ಪರವಾನಗಿ ಸಿಕ್ಕಿತ್ತು. ಬಿಟಿ ಹತ್ತಿ, ಬಂಜೆ ಮಾಡಿದ ಪತಂಗಗಳ ಬಿಡುಗಡೆ, ಈ ಉಪಾಯ, ಎಲ್ಲವನ್ನೂ ಕೂಡಿಸಿ ದುಡಿದದ್ದರಿಂದ ಅಲ್ಲಿನ ಹತ್ತಿ ಪ್ರದೇಶದಿಂದ ಆ ಹುಳು ನಿರ್ಮೂಲವಾಗಿದೆ ಎಂದು 2018ರಲ್ಲಿ ಘೋಷಿಸಿದರು. ನಮ್ಮಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದರ ಪ್ರಯೋಗಗಳನ್ನು ನಡೆಸಿದೆ. ಇದೂ ಅಷ್ಟೇ, ಹೊಲಗಳು ಒಟ್ಟಾದಷ್ಟೂ ಫಲ ಹೆಚ್ಚು.

ತೆಂಗಿನವರಿಗೆ ಎರಡೇ ಮಾತು. ಸುಳಿ ಕೊರೆಯುವ ಕೊಂಬಿನ ದುಂಬಿಗೂ ಕೆಂಪು ಮೂತಿ ಹುಳುವಿಗೂ ಇರುವ ಲೂರು ಗಂಡು ಹೆಣ್ಣು ಎರಡನ್ನೂ ಕರೆಯುತ್ತದೆ, ಆದ್ದರಿಂದ ಅಲ್ಲಿ ಹಿಡಿದಷ್ಟೂ ಲಾಭ. ಬಕೆಟ್ ಬಲೆಯನ್ನು ತೋಟದ ನಡುವೆ, ಎಳೆ ಸಸಿಗಳ ಪಕ್ಕ ಇಡಬೇಡಿ. ಬಲೆಯತ್ತ ಬಂದ ದುಂಬಿ ಪಕ್ಕದ ಸಸಿಯ ಮೇಲೆ ಇಳಿದೀತು. ತೋಟದ ಅಂಚಿನಲ್ಲಿಡಿ, ತಿಪ್ಪೆಯನ್ನು ಕೆದಕಿ ಗೊಬ್ಬರದ ಹುಳುಗಳನ್ನು ಆಯ್ದು ಹಾಕಿ.

ಈಗ ನಾನು ಇಲ್ಲಿಗೆ ಬಂದ ಮುಖ್ಯ ಕಾರಣಕ್ಕೆ ಬರುತ್ತೇನೆ. ನಮ್ಮ ಊರುಗಳಲ್ಲಿ ಜಾತಿ ಪಕ್ಷ ನೋಡದೆ ದಿನಕ್ಕೆ ಎರಡು ಸಲ ಎಲ್ಲರೂ ಸೇರುವ ಜಾಗ ಒಂದೇ, ಹಾಲಿನ ಡೈರಿ. ಆ ಡೈರಿಯ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿ ಎಂದು ನಾನು ಕೇಳಿಕೊಳ್ಳುತ್ತೇನೆ. ಊರಿನ ನಾಲ್ಕು ದಿಕ್ಕಿನಲ್ಲಿ ಮೆಕ್ಕೆಜೋಳವಿರುವ ಏಳೆಂಟು ಹೊಲಗಳನ್ನು ಆರಿಸಿಕೊಳ್ಳಿ. ಅವುಗಳ ಬಲೆಯನ್ನು ಬೆಳಗ್ಗೆ ನೋಡಿದವರು ಹಾಲು ಹಾಕಲು ಬಂದಾಗ ರಾತ್ರಿ ಬಿದ್ದ ಪತಂಗ ಎಷ್ಟೆಂದು ಹೇಳಲಿ, ಎಣಿಸಿದ್ದನ್ನು ಚೀಲದಿಂದ ತೆಗೆದುಬಿಡಲಿ. ಹಲಗೆಯ ಮೇಲೆ ತಾರೀಖು, ಹೊಲದ ಹೆಸರು, ಸಂಖ್ಯೆ, ಮೂರೇ ಕಾಲಂ. ಇದಕ್ಕೆ ಓದು ಬೇಕಿಲ್ಲ. ಹೈಸ್ಕೂಲಿಗೆ ಹೋಗುವ ಒಂದು ಮಗು ಬರೆದೀತು. ಸಂಖ್ಯೆ ಒಂದೊಂದೇ ಇದ್ದಾಗ ಸುಮ್ಮನಿರಿ. ಎರಡು ಮೂರು ದಿನ ಒಂದೇ ಸಮ ಏರಿದರೆ ಊರಿಗೆ ಊರೇ ಮಾರನೆಯ ಬೆಳಗ್ಗೆ ಹೊಲಕ್ಕೆ ಇಳಿದು ಮೊಟ್ಟೆ ಹುಡುಕಲಿ. ಪಕ್ಕದ ಊರಿನ ಡೈರಿಗೂ ಒಂದು ಫೋನು ಹೋಗಲಿ.

ಹೀಗೆ ಮಾಡಿದರೆ ಬಲೆ ಕೊಳ್ಳಲಾಗದ ಅರ್ಧ ಎಕರೆಯ ಬಡವನಿಗೂ ತಾರೀಖು ಸಿಗುತ್ತದೆ. ಬಲೆ ಒಬ್ಬರದಾದರೂ ಹಲಗೆಯ ಮೇಲೆ ಬಂದ ಸಂಖ್ಯೆ ಊರಿನದು. ಈ ಕೆಲಸದಲ್ಲಿ ಹೆಂಗಸರನ್ನು ಮುಂದೆ ತನ್ನಿ. ಕಳೆ ಕೀಳುತ್ತ ಗಿಡ ಗಿಡಕ್ಕೂ ಬಗ್ಗಿ ನೋಡುವವರು ಅವರೇ. ಮೊಟ್ಟೆ ಗುಂಪು ಮೊದಲು ಬೀಳುವುದು ಅವರ ಕಣ್ಣಿಗೆ. ಸ್ತ್ರೀಶಕ್ತಿ ಸಂಘದವರು ಬಲೆ ಓದುವ ಜವಾಬ್ದಾರಿ ಹೊತ್ತರೆ ಹಲಗೆ ಒಂದು ದಿನವೂ ಖಾಲಿ ಇರುವುದಿಲ್ಲ ಎಂದು ನನಗೆ ನಂಬಿಕೆಯಿದೆ.

ಲೂರು ಇಡುವ ಜಾಗದ ಬಗ್ಗೆಯೂ ಊರು ಯೋಚಿಸಬೇಕು. ಕೊಂಡು ತಂದ ಲೂರು ಬಿಸಿಲಿನ ಕಿಟಕಿಯಲ್ಲಿ, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಬಿದ್ದಿದ್ದರೆ ಕಟ್ಟುವ ಮೊದಲೇ ಅರ್ಧ ಹಾರಿಹೋಗಿರುತ್ತದೆ. ಪೊಟ್ಟಣ ಒಡೆಯದೆ ಫ್ರಿಜ್ಜಿನಲ್ಲಿಡಿ. ಮೀಥೈಲ್ ಯೂಜೆನಾಲನ್ನು ಜೆಲ್ ಆಗಿ ಮಾಡಿ, ತಂಪಿನ ಹಂಗಿಲ್ಲದೆ ಸಾಗಿಸುವಂತೆ, ಮೆಲ್ಲಗೆ ಆರುವಂತೆ ಮಾಡಬಹುದು ಎಂದು ಹೆಬ್ಬಾಳದ ಕೀಟ ಬ್ಯೂರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು ಸೀಬೆ ತೋಟದಲ್ಲಿ ಪ್ರಯೋಗ ಮಾಡಿ 2013ರಲ್ಲಿ ತೋರಿಸಿದ್ದಾರೆ. ಅಂಥವು ಸಾಸಲಿನ ಅಂಗಡಿಗೆ ಸುಲಭ ಬೆಲೆಯಲ್ಲಿ ಬರಬೇಕು, ಬರಲಿ ಎಂದು ನಾವೂ ಒತ್ತಾಯಿಸಬೇಕು. ಅಲ್ಲಿಯವರೆಗೆ ಊರಿನಲ್ಲಿ ಫ್ರಿಜ್ಜು ಇರುವ ಒಂದು ಮನೆಯವರು ಎಲ್ಲರ ಲೂರನ್ನೂ ಒಂದು ಮುಚ್ಚಿದ ಡಬ್ಬಿಯಲ್ಲಿ ಇಟ್ಟುಕೊಟ್ಟರೆ ಸಾಕು.

ಬಲೆಗೆ ಬಿದ್ದದ್ದು ಯಾವ ಪತಂಗ ಎಂದು ಅನುಮಾನ ಬಂದರೆ, ಅದನ್ನು ಹಿಸುಕದೆ ಒಣ ಬೆಂಕಿಪೊಟ್ಟಣದಲ್ಲಿ ಹ‌ತ್ತಿಯ ಮೇಲಿಟ್ಟು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ. ಪೊಟ್ಟಣದ ಮೇಲೆ ಊರು, ಬೆಳೆ, ಬಿದ್ದ ತಾರೀಖು, ಯಾವ ಲೂರಿಗೆ ಬಿತ್ತು ಎಂಬುದನ್ನು ಬರೆದಿರಿ. ಮುಂಗಾರಿನ ಮೆಕ್ಕೆಜೋಳ ಬಿತ್ತುವವರು ಬೀಜ ಗೊಬ್ಬರ ತರುವ ದಿನವೇ ಲೂರನ್ನೂ ತನ್ನಿ, ಒಂದು ಬಲೆಗೆ ಎರಡರಂತೆ ತನ್ನಿ, ಬೆಳೆಯ ಎರಡನೆಯ ತಿಂಗಳಿಗೆ ಬದಲಿ ಕೈಯಲ್ಲೇ ಇರುತ್ತದೆ.